ಹದಿನೈದು ಹಬ್ಬದ ಉಡುಗೊರೆ

ಪೆದ್ದ ಅಂದಮೇಲೆ ಅವನನ್ನ ಬೈಯೋಕೆ ಒಬ್ಬಳು ತಾಯಿ ಇರಲೇಬೇಕು. ಮುತ್ತನಪಾಳ್ಯದಲ್ಲಿ ಇಬ್ಬರೂ ಇದ್ದರು. ತಾಯಿ ಹೆಸರು ಲೂರ್ದಮ್ಮ, ಈಚಲು ಗರಿಯಲ್ಲಿ ಚಾಪೆ ಹೆಣೆಯೋಳು. ಮಗನ ಹೆಸರು ಚವರಪ್ಪ, ಗರಿ ಕುಯ್ದು ತಂದುಕೊಡೋನು, ಮಿಕ್ಕ ಹೊತ್ತು ಮೂರು ಕುರಿ ಮೇಯಿಸೋನು. ವಯಸ್ಸು ಇಪ್ಪತ್ತೆಂಟು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅವನ ಒಳ್ಳೇತನವೂ ಅದೇ, ಅವನಿಂದ ಬರೋ ಕಷ್ಟವೂ ಅದೇ.

ಒಂದು ಸಲ ಲೂರ್ದಮ್ಮ, ಕುರಿ ಮೇಲೆ ಒಂದು ಕಣ್ಣು ಇಟ್ಟಿರಪ್ಪ ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಚವರಪ್ಪ ಒಂದು ಕಣ್ಣನ್ನ ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕಣ್ಣನ್ನ ಕುರಿ ಮೇಲೆ ಇಟ್ಟುಕೊಂಡು ಕೂತಿದ್ದ. ಕುರಿ ಪಕ್ಕದ ಹೊಲದ ಅವರೆಯನ್ನೆಲ್ಲ ತಿಂದು ಮುಗಿಸಿದ್ದವು. ತಿಂದಿದ್ದನ್ನ ಅವನು ಒಂದು ಕಣ್ಣಲ್ಲಿ ಚೆನ್ನಾಗಿ ನೋಡಿದ್ದ.

ಇಂಥ ಮನೆಯಲ್ಲಿ ಒಂದು ಮಗುವೂ ಇತ್ತು. ಲೂರ್ದಮ್ಮನ ಮಗಳು ಆರೋಗ್ಯಮೇರಿ ಬಾಣಂತನಕ್ಕೆ ಬಂದವಳು ತವರಲ್ಲೇ ತೀರಿಕೊಂಡಳು. ಅವಳು ಬಿಟ್ಟುಹೋದ ಕೂಸು ಜಸಿಂತ. ಅಜ್ಜಿ ಮಡಿಲಲ್ಲಿ, ಮಾವನ ಹೆಗಲ ಮೇಲೆ ಬೆಳೆದು ನಾಲ್ಕು ವರ್ಷದವಳಾಗಿದ್ದಳು. ಅವಳಪ್ಪ ಇನ್ನಾಸಪ್ಪ ದೂರದಲ್ಲಿ, ಊಟಿ ಕಡೆಯ ಟೀ ತೋಟದಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಂದು ಸಲ ಬಂದು, ಮಗೂನ ತೊಡೆ ಮೇಲೆ ಕೂರಿಸಿಕೊಂಡು, ಏನು ಮಾತಾಡಬೇಕೋ ತಿಳಿಯದೆ ಹೋಗಿಬಿಡೋನು.

ಆ ವರ್ಷ ಅವನಿಂದ ಕಾಗದ ಬಂತು. ಚರ್ಚಿನ ಉಪದೇಶಿ ರಾಯಪ್ಪ ಓದಿ ಹೇಳಿದ. ತಾನು ಮತ್ತೆ ಮದುವೆಯಾಗಿದ್ದೇನೆ, ಹುಡುಗಿ ಒಳ್ಳೆಯವಳು, ಮಗೂನ ಸಾಕುತ್ತೇನೆ ಅಂತ ಅವಳೇ ಅಂದಿದ್ದಾಳೆ, ತೋಟದ ಪಕ್ಕದಲ್ಲೇ ಸ್ಕೂಲಿದೆ, ಕ್ರಿಸ್ಮಸ್ಸಿನ ಮಾರನೇ ದಿನ ಬಂದು ಜಸಿಂತನ್ನ ಕರಕೊಂಡು ಹೋಗುತ್ತೇನೆ ಅಂತ ಬರೆದಿದ್ದ. ಹೆತ್ತಪ್ಪ. ಬೇಡ ಅನ್ನೋಕೆ ಲೂರ್ದಮ್ಮನಿಗೆ ಯಾವ ಬಾಯಿತ್ತು? ಹೆಣೆಯುತ್ತಿದ್ದ ಚಾಪೆಯನ್ನ ಅಂದು ಅವಳು ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳು.

ಮಾರನೇ ದಿನ ಮಗನನ್ನ ಕರೆದು ಹೇಳಿದಳು. ಮಗು ನಮ್ಮ ಜತೆ ಮಾಡೋದು ಇದೊಂದೇ ಹಬ್ಬ, ಅವಳನ್ನ ಸಂತೆಗೆ ಕರಕೊಂಡು ಹೋಗು, ಅವಳು ಯಾವುದರ ಮೇಲೆ ಕಣ್ಣು ಹಾಕ್ತಾಳೋ ಅದನ್ನ ಕೊಡಿಸಿಕೊಂಡು ಬಾ ಅಂದಳು.

ಚವರಪ್ಪ ಮಗೂನ ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋದ. ಹೆಗಲ ಮೇಲೆ ಕೂತ ಮಗು ಏನು ಮಾಡುತ್ತೆ? ನೋಡುತ್ತೆ. ಜರಡಿ ನೋಡಿದಳು, ಜರಡಿ ತಗೊಂಡ. ಎತ್ತಿನ ಕೊರಳ ಗಂಟೆ ನೋಡಿದಳು, ಗಂಟೆ ತಗೊಂಡ. ಪೊರಕೆ ನೋಡಿದಳು, ಲಾಟೀನು ನೋಡಿದಳು, ಒಂದು ಮೊರ ಒಣಮೆಣಸಿನಕಾಯಿ ನೋಡಿದಳು, ಎಲ್ಲವನ್ನೂ ತಗೊಂಡ. ವೀಳ್ಯದೆಲೆ ಮಾರೋ ಮುದುಕನ ಬಿಳಿ ಮೀಸೆಯನ್ನೂ ಅವಳು ಬಹಳ ಹೊತ್ತು ನೋಡಿದಳು. ಚವರಪ್ಪ ಆ ಮುದುಕನ ಮುಂದೆ ನಿಂತು, ನಮ್ಮನೆಗೆ ಬರಬೇಕಪ್ಪ, ಮಗು ಕಣ್ಣು ಹಾಕಿದೆ ಅಂತ ಕೈಮುಗಿದು ಕೇಳಿಕೊಂಡ. ಮುದುಕ ಒಂದು ಎಲೆ ಕೊಟ್ಟು ಸಾಗಹಾಕಿದ.

ಮೆಣಸಿನಕಾಯಿ ಹೊತ್ತು ಬಂದ ಮಗನನ್ನ ನೋಡಿ ಲೂರ್ದಮ್ಮ ಹಣೆ ಚಚ್ಚಿಕೊಂಡಳು. ಮಗು ಅಂದಮೇಲೆ ಅದರ ಕಣ್ಣು ಎಲ್ಲದರ ಮೇಲೂ ಬೀಳುತ್ತೆ ಕಣಪ್ಪ, ಅದನ್ನೆಲ್ಲ ಕಟ್ಟಿಕೊಂಡು ಬರ್ತಾರಾ ಅಂತ ಬೈದಳು. ಇನ್ನು ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದನ್ನ ಮಾತ್ರ ತಗೊಂಡು ಬಾ ಅಂತ ಬುದ್ಧಿ ಹೇಳಿದಳು. ಆಗಲವ್ವ ಅಂದ ಚವರಪ್ಪ.

ಮುಂದಿನ ಸಂತೆ ಬಂತು. ಈ ಸಲ ಅವನು ಮಗೂನ ಕಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. ಕಿವಿ ಕೊಟ್ಟುಕೊಂಡು ನಡೆದ. ಮಗು ನೀರು ಬೇಕು ಅಂದಳು. ಒಂದು ಕೊಡ ತಗೊಂಡು ನೀರು ತುಂಬಿಸಿಕೊಂಡು ಸೊಂಟಕ್ಕಿಟ್ಟುಕೊಂಡ. ಆಟದ ಸಾಮಾನಿನ ಅಂಗಡಿ ಮುಂದೆ ನಾಲ್ಕು ಸಲ ಓಡಾಡಿದ. ಮಗು ತುಟಿ ಪಿಟಕ್ಕೆನ್ನಲಿಲ್ಲ, ಅವನೂ ಒಳಗೆ ಕಾಲಿಡಲಿಲ್ಲ. ಒಬ್ಬ ಹೆಂಗಸು ತನ್ನ ಮಗಳಿಗೆ ಜಡೆ ಹಾಕುತ್ತಾ ಪಕ್ಕದ ಕಟ್ಟೆ ಮೇಲೆ ಕೂತಿದ್ದಳು. ಜಸಿಂತ ಅದನ್ನ ನೋಡಿದಳು. ಆಮೇಲೆ ಬಾಯಿಬಿಟ್ಟು ಕೇಳಿದಳು.

"ಮಾವ, ನಂಗೂ ಅಮ್ಮ ಬೇಕು."

ಸರಿ. ಬಾಯಿಬಿಟ್ಟು ಕೇಳಿದ್ದಾಳೆ. ಚವರಪ್ಪ ಬಟ್ಟೆ ಅಂಗಡಿಗೆ ಹೋಗಿ, ನಿಮ್ಮಲ್ಲಿ ಅಮ್ಮ ಸಿಗ್ತಾರಾ ಅಂತ ಕೇಳಿದ. ಪಾತ್ರೆ ಅಂಗಡಿಯಲ್ಲಿ ಕೇಳಿದ. ಬೆಲ್ಲದ ಮಂಡಿಯಲ್ಲಿ ಕೇಳಿದ. ಅವರು ನಕ್ಕರು, ಇವರು ನಕ್ಕರು, ಬೆಲ್ಲದ ಮಂಡಿಯವನು ಪಕ್ಕದ ಅಂಗಡಿಯವನನ್ನ ಕರೆದು ಇನ್ನೊಂದು ಸಲ ಕೇಳಿಸಿ ನಕ್ಕ. ಬಳೆ ಮಾರೋಳೊಬ್ಬಳು ಮಾತ್ರ ನಗಲಿಲ್ಲ. ಮಗೂನ ಇಳಿಸಿಕೊಂಡು, ತಲೆ ಬಾಚಿ, ಕೆದರಿದ್ದ ಕೂದಲನ್ನ ಎರಡು ಜಡೆ ಮಾಡಿ, ಅಮ್ಮ ಇಲ್ಲಿ ಸಿಗಲ್ಲಪ್ಪ, ಮಗೂಗೆ ಬಿಸಿಲು ಬಡೀತಿದೆ, ಮನೆಗೆ ಹೋಗು ಅಂದಳು. ಅವನು ಮನೆಗೆ ಹೋದ.

ಏನು ತಂದೆಯೋ ಅಂತ ಲೂರ್ದಮ್ಮ ಕೇಳಿದಳು. ಒಂದು ಕೊಡ ನೀರು ಸಿಕ್ತು, ಇನ್ನೊಂದು ಮಾತ್ರ ಸಂತೆಯೆಲ್ಲ ಹುಡುಕಿದರೂ ಸಿಗಲಿಲ್ಲ ಅಂದ. ಇನ್ನೊಂದು ಯಾವುದು ಅಂತ ಕೇಳಿದಳು. ಅವನು ಹೇಳಿದ. ಲೂರ್ದಮ್ಮ ತಿರುಗಿ ಕೂತು ಗರಿ ಸೀಳೋಕೆ ಶುರುಮಾಡಿದಳು. ಬೇಕಾದ್ದಕ್ಕಿಂತ ಸಣ್ಣದಾಗಿ ಸೀಳಿದಳು. ಬೆನ್ನು ಹಾಕಿಕೊಂಡೇ ಮಾತಾಡಿದಳು.

"ಸಿಗೋ ಅಂಥದ್ದನ್ನ ತಾರಪ್ಪ. ಮುಂದಿನ ಹಬ್ಬಕ್ಕೆಲ್ಲ ಅವಳು ನಮ್ಮ ಹತ್ರ ಇರಲ್ಲ. ಏನೇನು ಕೊಡಬೇಕೋ ಎಲ್ಲ ಈ ಹಬ್ಬಕ್ಕೇ ಕೊಟ್ಟುಬಿಡಬೇಕು."

ತಾಯಿ ಸಂಕಟಕ್ಕೆ ಆಡಿದ ಮಾತು ಅದು. ಮಗ ಅದನ್ನ ಹಾಗೇ ಎತ್ತಿಕೊಂಡ.

ನೆಟ್ಟಗೆ ಉಪದೇಶಿ ರಾಯಪ್ಪನ ಹತ್ತಿರ ಹೋಗಿ, ಹೆಣ್ಣುಮಗು ದೊಡ್ಡದಾಗಿ ಮದುವೆಯಾಗಿ ಹೋಗೋ ಹೊತ್ತಿಗೆ ಇನ್ನೆಷ್ಟು ಕ್ರಿಸ್ಮಸ್ಸು ಬರುತ್ತೆ ಸ್ವಾಮಿ ಅಂತ ಕೇಳಿದ. ರಾಯಪ್ಪ ಚರ್ಚಿನಲ್ಲಿ ಬಾಲಯೇಸುವನ್ನ ಮಲಗಿಸೋ ಗೋದಲಿಗೆ ಹುಲ್ಲು ಹಾಸುತ್ತಿದ್ದ. ತಲೆ ಎತ್ತದೆ, ಒಂದು ಹದಿನೈದು ಬರಬಹುದು ಅಂದ. ಹದಿನೈದು, ಹದಿನೈದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದ ಚವರಪ್ಪ, ಮೂರು ಕುರಿಯನ್ನೂ ಹೊಡಕೊಂಡು ಹೋಗಿ ಮಾರಿದ. ಭಾನುವಾರ ಪೂಜೆ ಬಿಟ್ಟಾಗ ಚರ್ಚಿನ ಬಾಗಿಲಲ್ಲಿ ನಿಂತು, ಹೊರಗೆ ಬರೋ ಹೆಣ್ಣುಮಕ್ಕಳನ್ನೆಲ್ಲ ತಡೆದು, ನಿಂಗೆಷ್ಟು ವರ್ಷ ಕೂಸೇ ಅಂತ ಕೇಳಿ, ದಾರದಲ್ಲಿ ಅವರ ಪಾದದ ಅಳತೆ ತಗೊಂಡ. ಐದು ವರ್ಷದವಳದ್ದು ಒಂದು ದಾರ, ಆರು ವರ್ಷದವಳದ್ದು ಒಂದು ದಾರ. ಹುಡುಗಿಯರು ನಕ್ಕುಕೊಂಡು ಕಾಲು ಚಾಚಿದರು. ಸುಮ್ಮನೆ ಚವರಪ್ಪನ ಆಟ ಅಂದುಕೊಂಡರು.

ಹಬ್ಬದ ದಿನ ಬೆಳಗಿನ ಪೂಜೆ ಮುಗಿಸಿಕೊಂಡು ಲೂರ್ದಮ್ಮ ಮಗೂನ ಎತ್ತಿಕೊಂಡು ಮನೆಗೆ ಬಂದಳು. ಬಾಗಿಲು ತೆಗೆದರೆ ಕಾಲಿಡೋಕೆ ಜಾಗವಿಲ್ಲ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಚವರಪ್ಪ ಉಡುಗೊರೆ ಜೋಡಿಸಿಟ್ಟಿದ್ದ. ಮೊದಲು ಬಾಗಿಲ ಹತ್ತಿರ ಒಂದು ರಬ್ಬರಿನ ಬೊಂಬೆ, ಅಂಗೈಯಷ್ಟು ಒಂದು ಜೊತೆ ಚಪ್ಪಲಿ. ಅದರ ಪಕ್ಕ ಸ್ಲೇಟು, ಅದಕ್ಕಿಂತ ಬೆರಳಗಲ ದೊಡ್ಡ ಚಪ್ಪಲಿ. ಆಮೇಲೆ ಸ್ಕೂಲು ಚೀಲ. ಆಮೇಲೆ ಛತ್ರಿ. ಹೀಗೆ ಒಳಗೆ ಹೋದಹಾಗೆ ಫ್ರಾಕು ಉದ್ದವಾಗುತ್ತಾ ಹೋಯಿತು, ಚಪ್ಪಲಿ ದೊಡ್ಡದಾಗುತ್ತಾ ಹೋಯಿತು. ಒಲೆ ಹತ್ತಿರಕ್ಕೆ ಬರೋ ಹೊತ್ತಿಗೆ ಲಂಗ ದಾವಣಿ ಬಂತು. ಜಪಸರ ಬಂತು. ಒಂದು ಹಸಿರು ಸೀರೆ ಬಂತು. ಮದುವೆಯ ದಿನ ಹುಡುಗಿ ತಲೆ ಮೇಲೆ ಹಾಕಿಕೊಳ್ಳೋ ಬಿಳೀ ಮುಸುಕು ಬಂತು. ಹಿಂದಿನ ಗೋಡೆಗೆ ಒತ್ತಿಕೊಂಡು, ಕಟ್ಟಕಡೆಗೆ, ಮರದ ತೊಟ್ಟಿಲೊಂದು ಇತ್ತು.

"ತೊಟ್ಟಿಲು ಯಾಕೋ?" ಅಂದಳು ಲೂರ್ದಮ್ಮ.

"ಅದು ಹದಿನೈದನೇದು ಕಣವ್ವ. ಅವಳ ಮಗೂಗೆ."

ಲೂರ್ದಮ್ಮ ಬಾಗಿಲಲ್ಲೇ ನಿಂತಳು. ಅವಳು ನೋಡಲಾರದ ವರ್ಷಗಳೆಲ್ಲ ಅವಳ ಮನೆಯ ನೆಲದ ಮೇಲೆ ಸಾಲಾಗಿ ಬಿದ್ದಿದ್ದವು. ಛತ್ರಿ ಹಿಡಿದು ಸ್ಕೂಲಿಗೆ ಹೋಗೋ ಹುಡುಗಿ, ದಾವಣಿ ಸುತ್ತಿಕೊಂಡು ನಾಚಿಕೊಳ್ಳೋ ಹುಡುಗಿ, ಮುಸುಕು ಹಾಕಿಕೊಂಡ ಹುಡುಗಿ. ಅವಳು ಬಗ್ಗಿ ಆ ಮುಸುಕನ್ನ ಎತ್ತಿ, ಇಲ್ಲದ ಧೂಳು ಕೊಡವಿ, ಮತ್ತೆ ಹಾಗೇ ಮಡಿಸಿ ಇಟ್ಟಳು.

ಮಗು ಏನು ಮಾಡಿದಳು ಅಂತೀರಾ? ಮೊದಲು ಬೊಂಬೆ ಎತ್ತಿಕೊಂಡಳು. ಅದನ್ನ ಬಿಟ್ಟು ಸ್ಲೇಟು ಎತ್ತಿಕೊಂಡಳು. ದೊಡ್ಡ ಚಪ್ಪಲಿಗೆ ಕಾಲು ಹಾಕಿ ಮುಗ್ಗರಿಸಿದಳು. ಯಾವುದನ್ನ ಹಿಡಿಯಬೇಕು, ಯಾವುದನ್ನ ಬಿಡಬೇಕು ಅಂತ ತಿಳಿಯದೆ ಸುತ್ತ ನೋಡಿ ನೋಡಿ ಅಳೋಕೆ ಶುರುಮಾಡಿದಳು. ಕೊನೆಗೆ ತೊಟ್ಟಿಲೊಳಗೆ ತಾನೇ ಹೋಗಿ ಮುದುರಿಕೊಂಡು ಮಲಗಿ ನಿದ್ದೆ ಹೋದಳು.

ಅವಳು ಮಲಗಿದ ಮೇಲೆ ಲೂರ್ದಮ್ಮ ಬೈದಳು. ಅಷ್ಟು ದಿನ ತಡೆದುಕೊಂಡಿದ್ದೆಲ್ಲ ಸೇರಿಸಿ ಬೈದಳು. ಕುರಿ ಹೋಯಿತು ಅಂತ ಬೈದಳು, ಹದಿನೈದು ವರ್ಷವನ್ನ ಯಾರಾದರೂ ಒಂದು ದಿನಕ್ಕೆ ತಂದು ಸುರೀತಾರಾ ಅಂತ ಬೈದಳು. ಇದನ್ನೆಲ್ಲ ಇನ್ನಾಸಪ್ಪ ಬಸ್ಸಿನಲ್ಲಿ ಹೇಗೆ ಹೊತ್ತುಕೊಂಡು ಹೋಗ್ತಾನೆ, ಅವನಿಗಿರೋದು ಒಂದೇ ಕೋಣೆಯ ಮನೆ, ಅವನ ಹೆಂಡತಿ ಏನಂದುಕೊಳ್ತಾಳೆ ಅಂದಳು. ಚವರಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಬೈದು ಬೈದು ಸಾಕಾಗಿ, ಅವಳು ಎಂದಿನ ಹಾಗೆ ಬುದ್ಧಿ ಹೇಳಿದಳು.

"ಮಗೂಗೆ ಎಲ್ಲಕ್ಕಿಂತ ಯಾವುದು ಇಷ್ಟ ಅಂತ ಕೇಳು. ಅದೊಂದನ್ನೇ ಗಂಟು ಕಟ್ಟಿ ಜೊತೆಗೆ ಕಳಿಸು. ಮಿಕ್ಕಿದ್ದೇನೂ ಬೇಡ."

ಆಗಲವ್ವ ಅಂದ. ಮಗು ಎದ್ದಮೇಲೆ ಕೇಳಿಯೂ ಕೇಳಿದ.

ಮಾರನೇ ಬೆಳಿಗ್ಗೆ ಇನ್ನಾಸಪ್ಪ ಬಂದ. ಕೆಟ್ಟವನಲ್ಲ ಪಾಪ. ಲೂರ್ದಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಹೆಂಡತಿ ಹೆಣೆದು ಕಳಿಸಿದ್ದ ಕೆಂಪು ಸ್ವೆಟರನ್ನ ಮಗೂಗೆ ತೊಡಿಸೋಕೆ ಹೋದ. ಮಗು ಅಜ್ಜಿ ಸೀರೆ ಹಿಡಕೊಂಡು ಬಿಡಲೇ ಇಲ್ಲ. ನಾನು ಹೋಗಲ್ಲ, ನಾನು ಹೋಗಲ್ಲ ಅಂತ ಹಟ ಮಾಡಿ ಅಳುತ್ತಿದ್ದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಮಗು ಮುಂದೆ ಕಣ್ಣೀರು ಹಾಕಬಾರದು ಅಂತ ಲೂರ್ದಮ್ಮ ಸೆರಗನ್ನ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಆಗ ಚವರಪ್ಪ ಕಂಬಳಿ ತಂದು ಅಂಗಳದಲ್ಲಿ ಹಾಸಿದ.

"ಅವ್ವ, ಇದರ ಮೇಲೆ ಕೂತ್ಕೋ."

ಯಾಕೆ ಅಂದಳು.

"ನಿನ್ನ ಗಂಟು ಕಟ್ಟಬೇಕು. ಎಲ್ಲಕ್ಕಿಂತ ಯಾವುದಿಷ್ಟ ಅಂತ ಕೇಳ್ದೆ. ಅಜ್ಜಿ ಅಂದ್ಳು."

ಮಗು ಅಳು ನಿಲ್ಲಿಸಿ ನೋಡಿದಳು. ಅಜ್ಜಿ ಗಂಟೊಳಗೆ ಬರ್ತಾಳಾ ಅಂತ ಕೇಳಿದಳು. ಹೂಂ, ಅವ್ವನೇ ಹೇಳಿದ್ದು ಅಂದ ಚವರಪ್ಪ. ಮಗು ಮುಖ ಅರಳಿತು. ತಾನಾಗೇ ಕೈ ಚಾಚಿ ಸ್ವೆಟರು ಹಾಕಿಸಿಕೊಂಡಳು.

ಲೂರ್ದಮ್ಮ ಅಳಿಯನ ಮುಖ ನೋಡಿದಳು. ಅಳಿಯ ನೆಲ ನೋಡಿದ. ಇಪ್ಪತ್ತೆಂಟು ವರ್ಷದಿಂದ ಬೈದ ಬಾಯಿ ಅದು. ಆವತ್ತು ಬೈಯಲಿಲ್ಲ. ಹೋಗಿ ಕಂಬಳಿ ಮೇಲೆ ಮಂಡಿ ಮಡಿಸಿಕೊಂಡು ಕೂತಳು. ಚವರಪ್ಪ ನಾಲ್ಕೂ ತುದಿ ಎತ್ತಿ ಅವಳ ತಲೆ ಮೇಲೆ ಗಂಟು ಹಾಕಿ, ಉಸಿರಾಡೋಕೆ ಸ್ವಲ್ಪ ಸಂದು ಬಿಟ್ಟು, ಬೆನ್ನಿಗೆ ಏರಿಸಿಕೊಂಡ. ಗರಿ ಹೊರೆಯಷ್ಟೂ ಭಾರವಿರಲಿಲ್ಲ ಅವಳು.

ಊರ ಬೀದಿಯಲ್ಲಿ ಮುಂದೆ ಅಪ್ಪ ಮಗಳು, ಹಿಂದೆ ಗಂಟು ಹೊತ್ತ ಚವರಪ್ಪ. ಜಸಿಂತ ಹಿಂದೆ ತಿರುಗಿ ತಿರುಗಿ ಗಂಟನ್ನ ನೋಡಿಕೊಂಡು ನಡೆದಳು. ಕಂಬಳಿಯೊಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಲೂರ್ದಮ್ಮ ದಾರಿಯುದ್ದಕ್ಕೂ ಅತ್ತಳು.

ಬಸ್ಸು ಬಂತು. ಇನ್ನಾಸಪ್ಪ ಮಗೂನ ಹತ್ತಿಸಿ ಕಿಟಕಿ ಪಕ್ಕ ಕೂರಿಸಿದ. ಕಂಡಕ್ಟರು ಚವರಪ್ಪನ ಬೆನ್ನ ಮೇಲಿದ್ದ ಗಂಟಿನ ಮಗ್ಗುಲಿಂದ ಎರಡು ಪಾದ ಇಣುಕುತ್ತಿದ್ದುದನ್ನ ನೋಡಿ, ಇದನ್ನೆಲ್ಲ ಹಾಕಲ್ಲಪ್ಪ, ಆಚೆ ನಿಲ್ಲು ಅಂದ. ಚವರಪ್ಪ ಆಚೆ, ಮಗೂನ ಕಿಟಕಿಗೆ ಕಾಣದ ಬದಿಯಲ್ಲಿ ನಿಂತ. ಒಳಗಿಂದ ಮಗು ಕೇಳಿದ್ದು ಲೂರ್ದಮ್ಮನಿಗೆ ಚೆನ್ನಾಗಿ ಕೇಳಿಸಿತು.

"ಅಪ್ಪ, ಗಂಟು?"

ಇನ್ನಾಸಪ್ಪ, "ಮೇಲೆ ಹಾಕ್ತಾರೆ ಕಂದ" ಅಂದ.

ಲೂರ್ದಮ್ಮ ಕಂಬಳಿಯೊಳಗೆ ಬಾಯಿಗೆ ಕೈ ಒತ್ತಿಕೊಂಡಳು. ಒಂದು ಸಲ ಉಸಿರೆಳೆದರೂ ಅಜ್ಜಿ ಬಸ್ಸಿನ ಮೇಲಿಲ್ಲ, ಕೆಳಗೇ ಉಳಿದಳು ಅಂತ ಮಗೂಗೆ ತಿಳಿದುಬಿಡುತ್ತಿತ್ತು. ಬಸ್ಸು ಹೊರಟಿತು. ಅದರ ಸದ್ದು ಕೆರೆ ಏರಿ ದಾಟಿ, ತಿರುವು ದಾಟಿ, ಕರಗಿ ಹೋಯಿತು.

ಚವರಪ್ಪ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮನೆ ಕಡೆ ತಿರುಗಿದ. ಬಂದ ದಾರಿಯಲ್ಲೇ, ಬಂದ ಹಾಗೇ, ಅವ್ವನ ಹೊತ್ತುಕೊಂಡು ನಡೆದ. ಮನೆ ಬಂತು. ಬಾಗಿಲು ದಾಟಿದ, ಚಪ್ಪಲಿಗಳ ಸಾಲು ತುಳಿಯದ ಹಾಗೆ ಹುಷಾರಾಗಿ ಹೆಜ್ಜೆಯಿಟ್ಟು ನಡುಮನೆಯಲ್ಲಿ ಬಂದು ನಿಂತ. ಗಂಟು ಕಟ್ಟು ಅಂದಿದ್ದರು, ಕಟ್ಟಿದ್ದ. ಇಳಿಸು ಅಂತ ಯಾರೂ ಅಂದಿರಲಿಲ್ಲ. ಅವನು ಇಳಿಸಲಿಲ್ಲ.

ಹೇಳೋವರೆಗೂ ಮಗ ಇಳಿಸೋನಲ್ಲ ಅಂತ ಲೂರ್ದಮ್ಮನಿಗೆ ಗೊತ್ತಿತ್ತು. ಒಳಗಿಂದ ಅವನ ಬೆನ್ನಿಗೆ ಕೆನ್ನೆ ಆನಿಸಿಕೊಂಡು, ಬಹಳ ಹೊತ್ತು ಅವಳು ಹೇಳಲಿಲ್ಲ.