ಲಾರಿಯ ಬಾಣಂತನ

ಕಲ್ಲಿನ ಕ್ವಾರಿಯ ಚನ್ನವೀರಪ್ಪ ಸಾವ್ಕಾರ್ರು ಹೊಸ ಲಾರಿ ತಂದರು. ಪೂಜೆಯ ನಿಂಬೆಹಣ್ಣು ಗಾಲಿಯ ಕೆಳಗೆ ಅಪ್ಪಚ್ಚಿಯಾಗಿದ್ದೇ ತಡ, ಡ್ರೈವರನಿಗೆ ಅಪ್ಪಣೆ ಆಯಿತು: "ಟ್ರೇಲರ್ ಕಟ್ಟು, ಕಲ್ಲು ಹೇರು!"

"ಹೊಸಾ ಎಂಜಿನ್ರಿ. ಸ್ವಲ್ಪ ದಿನ ಖಾಲಿ ಓಡಿಸಿ ಪಳಗಿಸಬೇಕ್ರಿ."

"ಕಬ್ಬಿಣಕ್ಕೂ ಬಾಣಂತನ ಮಾಡಬೇಕೇನಲೇ?"

ಎಂಜಿನ್ ಕೆಟ್ಟರೆ ಬೈಸಿಕೊಳ್ಳುವವನೂ ತಾನೇ, ಕೆಲಸ ಕಳಕೊಳ್ಳುವವನೂ ತಾನೇ. ಡ್ರೈವರ್ ಟ್ರೇಲರಿನ ಕೊಂಡಿ ಹಿಡಿದು ಲೊಚಗುಟ್ಟಿದ. "ಲಾರಿ ಹಿಂದ ನಿಮ್ಮ ಹೆಸರು ಎಷ್ಟು ದೊಡ್ಡದಾಗಿ ಬರಸೀರಿ. ಟ್ರೇಲರ್ ಕಟ್ಟಿದ್ರ ಮುಚ್ಚಿ ಹೋಗತೈತ್ರಿ. ಬೀಗರು ಇನ್ನೂ ನೋಡೇ ಇಲ್ಲ."

ಸಾವ್ಕಾರ್ರ ಕೈ ಮೀಸೆಗೆ ಹೋಯಿತು. "ಟ್ರೇಲರ್ ಬಿಡು. ಬೀಗರ ಊರಿಗೆ ನಡಿ!"

ಬೀಗರ ಊರಾಯಿತು, ಅಕ್ಕನ ಊರಾಯಿತು, ಆಗದವರ ಓಣಿಯಂತೂ ಎರಡು ಸಲ ಆಯಿತು. ಮೆಲ್ಲಗೆ ಓಡಿಸಲು ಡ್ರೈವರ್ ನೆಪ ಹುಡುಕಬೇಕಾಗಲೇ ಇಲ್ಲ. "ಸಾವಕಾಶ ಹೊಡಿಯಲೇ, ಮಂದಿ ಓದಬೇಕು" ಎಂದು ಪಕ್ಕದಲ್ಲಿ ಕೂತ ಸಾವ್ಕಾರ್ರೇ ಗದರಿಸುತ್ತಿದ್ದರು.

ಎಂಜಿನ್ ಪಳಗಿದ ಮೇಲೆ ಡ್ರೈವರ್ ಕೇಳಿದ: "ಈಗ ಟ್ರೇಲರ್ ಕಟ್ಟಲೇನ್ರಿ?"

"ಗಡಿಬಿಡಿ ಮಾಡಬ್ಯಾಡ! ಟ್ರೇಲರಿಗೂ ಹೆಸರು ಬರಸೇನಿ, ಬಣ್ಣ ಇನ್ನೂ ಹಸಿ ಐತಿ. ಹೊಸಾದಕ್ಕ ಸ್ವಲ್ಪ ಟೈಮ್ ಕೊಡಬೇಕಲೇ, ನಿನಗೇನ್ ತಿಳೀತೈತಿ!"