ಚಿಕ್ಕೀರಮ್ಮನ ಸೊಪ್ಪಿನ ಎಡೆ

ಬಲು ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಲ್ಲು ಮೂಡಿರದ ಕಾಲದಲ್ಲಿ, ಒಂದೂರಿತ್ತಂತೆ. ಯಾವುದೋ ಊರಲ್ಲ, ನಮ್ಮೂರೇ. ಆ ಊರಲ್ಲಿ ಚಿಕ್ಕೀರಮ್ಮ ಅಂತ ಸೂಲಗಿತ್ತಿ ಇದ್ದಳಂತೆ. ಸುತ್ತಲ ಊರಿನವರು ಅವಳು ತಮ್ಮವಳು ಅಂತಾರೆ, ಅಂದುಕೊಳ್ಳಲಿ ಪಾಪ. ಅವಳ ಕೈಗೆ ಬಿದ್ದ ಕೂಸು ಅಳೋ ಮೊದಲು ನಗುತ್ತಿತ್ತಂತೆ. ಅವಳು ನಡೆದ ಬದುವಿನಲ್ಲಿ ಬೇಸಿಗೆಯಲ್ಲೂ ಹೊನಗೊನೆ ಸೊಪ್ಪು ಚಿಗುರುತ್ತಿತ್ತಂತೆ.

ಕುಂಬಾರ ದ್ಯಾವಪ್ಪನಿಗೆ ಒಬ್ಬಳೇ ಮಗಳು, ಪುಟ್ಟಚೌಡಿ. ಅವಳನ್ನು ಲೋಕಕ್ಕೆ ತಂದವಳೂ ಚಿಕ್ಕೀರಮ್ಮನೇ. ಕೆರೆ ಒಣಗಿ ಹಸಿರು ಕಾಣದಾದ ಒಂದು ಬೇಸಿಗೆ, ಆ ಮಗುವಿನ ಮೂಗಲ್ಲಿ ರಕ್ತ ಸುರಿಯತೊಡಗಿತು. ಇಂದು ನಿಂತರೆ ನಾಳೆ ಮತ್ತೆ. ಮೈಗೆ ಉಷ್ಣ ಏರಿದೆ ಅಂದರು ಊರಿನವರು. ದ್ಯಾವಪ್ಪ ಊರಮ್ಮನ ಗುಡಿಗೆ ಹೋಗಿ, ರಕ್ತ ನಿಲ್ಲೋವರೆಗೂ ಮಗಳ ಬಾಯಿಗೆ ಸೊಪ್ಪು, ಹುಳಿ, ಕಾಯಿ ಯಾವುದೂ ಸೋಕಿಸಲ್ಲ ಅಂತ ಹರಕೆ ಹೊತ್ತ. ಬರೀ ಮುದ್ದೆ, ಉಪ್ಪುನೀರು. ರಕ್ತ ನಿಲ್ಲಲಿಲ್ಲ, ಹೆಚ್ಚಾಯಿತು. ಮಗು ಹಾಸಿಗೆ ಹಿಡಿಯಿತು.

ಚಿಕ್ಕೀರಮ್ಮ ಬಂದಳು. ಮಗುವನ್ನು ತೊಡೆಯ ಮೇಲೆ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಮೂಗು ಒತ್ತಿ ಹಿಡಿದು, ರಕ್ತ ನಿಲ್ಲೋವರೆಗೆ ಸೋಬಾನೆ ಹಾಡಿದಳಂತೆ. ಆಮೇಲೆ ತುಟಿ ಎತ್ತಿ ನೋಡಿದಳು. ವಸಡಿನಲ್ಲೂ ರಕ್ತ. ಕೈಕಾಲ ಮೇಲೆ ಪೆಟ್ಟು ಬೀಳದೇ ಎದ್ದ ನೀಲಿ ಕಲೆಗಳು.

"ಉಷ್ಣ ಅಲ್ಲ ಕಣೋ ದ್ಯಾವ. ಸೊಪ್ಪು, ಹುಳಿ ಸೇರದೆ ಈ ಮೈ ಅರೆಬೆಂದ ಮಡಕೆ ಥರ ಒಸರ್ತೈತೆ."

"ಹರಕೆ ಮುರಿದ್ರೆ ಅಮ್ಮ ಮಗೂನೇ ಕೇಳ್ತಾಳೆ ಕಣವ್ವ," ಅಂತ ಅವನು ಕಣ್ಣೊರೆಸಿಕೊಂಡ.

ಬೈಯೋದರಲ್ಲಿ ಚಿಕ್ಕೀರಮ್ಮನನ್ನು ಮೀರಿಸೋರು ಇರಲಿಲ್ಲವಂತೆ. ಆದರೂ ಅವತ್ತು ಬೈಯಲಿಲ್ಲ. ಬದು ಬದು ತಿರುಗಿ ಮಡಿಲು ತುಂಬ ಸೊಪ್ಪು ಕಿತ್ತಳು. ಮಸ್ಸೊಪ್ಪು ಮಾಡಿ ಗುಡಿಗೆ ಒಯ್ದಳು. ಅಮ್ಮನ ಕೊರಳ ಹಾರದ ನಿಂಬೆಹಣ್ಣನ್ನೇ ಬಿಡಿಸಿ, ಅದರ ಮೇಲೆ ಹಿಂಡಿ, ಎಡೆ ಇಟ್ಟಳು. ಅಮ್ಮನಿಗೆ ಸೊಪ್ಪಿನ ಎಡೆಯೇ ಅಂತ ಜನ ನಕ್ಕರು.

ಅದೇ ಎಡೆಯನ್ನು ತಂದು ದ್ಯಾವಪ್ಪನ ಕೈಗಿಟ್ಟು, "ಇದು ಈಗ ಅಮ್ಮನ ಪ್ರಸಾದ. ಬೇಡ ಅನ್ನೋ ಧೈರ್ಯ ಐತೇನೋ?" ಅಂದಳು.

ದ್ಯಾವಪ್ಪ ಮಗಳಿಗೆ ತುತ್ತಿಟ್ಟ. ಮಗು ಹುಳಿಗೆ ಮುಖ ಕಿವುಚಿ, ಇನ್ನೊಂದು ತುತ್ತಿಗೆ ಬಾಯಿ ತೆರೆಯಿತು.

ದಿನಾ ಎಡೆ, ದಿನಾ ಪ್ರಸಾದ. ಅಂದೇ ರಕ್ತ ನಿಂತಿತು ಅಂತಾರೆ ಕೆಲವರು. ಇಲ್ಲ, ಕಮ್ಮಿಯಾಗುತ್ತಾ ಆಗುತ್ತಾ ಮಳೆಗಾಲಕ್ಕೆ ನಿಂತಿತು ಅಂತಾರೆ ಹಿರಿಯರು. ಅದೇ ನಿಜ ಇರಬೇಕು.

ಇವತ್ತಿಗೂ ನಮ್ಮೂರಮ್ಮನಿಗೆ ಹೋಳಿಗೆಗಿಂತ ಮೊದಲು ಸೊಪ್ಪಿನ ಎಡೆ. ಅದರ ಮೊದಲ ತುತ್ತು ಪೂಜಾರಿಗೂ ಇಲ್ಲ, ಗೌಡನಿಗೂ ಇಲ್ಲ. ಊರಲ್ಲಿ ತೀರ ಸೊರಗಿದ ಮಗುವಿಗೆ. ತಿನ್ನಿಸುವವನು ಆ ಮಗುವಿನ ಅಪ್ಪ. ಮಗು ಬಾಯಿ ತೆರೆಯೋವರೆಗೂ ಊರೆಲ್ಲ ಕಾಯುತ್ತೆ.