ಕಲ್ಲಿನ ಕೆಳಗೆ ಚುಕ್ಕಿಯ ಮರಿ

ಕೇಳ್ರಪ್ಪಾ ಮಕ್ಕಳಾ, ಗಲಾಟೆ ಮಾಡ್ದೆ ಕೇಳಿ. ಒಂದು ಹೂದೋಟ. ಹೂದೋಟದಲ್ಲೊಂದು ಗಾಜಿನ ಮನೆ. ಗಾಜಿನ ಮನೆ ತುಂಬ ಹೂಕುಂಡ. ಕುಂಡಗಳ ನಡುವೆ ಚುಕ್ಕಿ ಕೋಳಿ. ಚುಕ್ಕಿಗೆ ಒಂದೇ ಒಂದು ಮರಿ.

ಒಂದಿನ ಗಾಜಿನ ಮನೆಯಲ್ಲಿ ನೀರು ನಿಂತಿತು. ನೆಲದ ಕಲ್ಲು ಕುಸಿಯಿತು. ಮರಿ ಸಂದಿಯಲ್ಲಿ ಜಾರಿ ಕಲ್ಲಿನ ಕೆಳಗೆ ಹೋಯಿತು. "ಪಿಂವ್! ಪಿಂವ್!" ಅಲ್ಲೂ ನೀರು ಏರುತ್ತಿತ್ತು. ಚುಕ್ಕಿಗೆ ಜೀವ ಬಾಯಿಗೆ ಬಂತು.

ಓಡಿತು ಗಾರೆ ಕೆಲಸದ ಬರಮಣ್ಣನ ಹತ್ತಿರ.

"ಅಣ್ಣಾ ಅಣ್ಣಾ, ಕಲ್ಲು ಎತ್ತಣ್ಣಾ! ಕಲ್ಲು ಏಳದೆ ಮರಿ ಬರಲ್ಲ!"

"ಎತ್ತಿದ ಕಲ್ಲು ಹಾಗೇ ಬಿಟ್ಟು ಬರೋ ಪದ್ಧತಿ ನಮ್ಮಲ್ಲಿಲ್ಲ. ಕೂರಿಸೋಕೆ ಗಾರೆ ಬೇಕು. ಮೊದಲು ಗಾರೆ ತಾ."

ಓಡಿತು ಸುಣ್ಣದ ಸಿದ್ದಕ್ಕನ ಹತ್ತಿರ.

"ಅಕ್ಕಾ ಅಕ್ಕಾ, ಗಾರೆ ಕೊಡಕ್ಕಾ! ಗಾರೆ ಇಲ್ಲದೆ ಕಲ್ಲು ಏಳಲ್ಲ. ಕಲ್ಲು ಏಳದೆ ಮರಿ ಬರಲ್ಲ!"

"ಸುಣ್ಣಕ್ಕೆ ಬೆಲ್ಲದ ನೀರು ಹಾಕದೆ ಗಾರೆ ಆಗಲ್ಲ. ಬೆಲ್ಲ ತಾ."

ಓಡಿತು ಬೆಲ್ಲದ ಕಾಳಮಾವನ ಹತ್ತಿರ.

"ಮಾವಾ ಮಾವಾ, ಬೆಲ್ಲ ಕೊಡು ಮಾವಾ! ಬೆಲ್ಲ ಇಲ್ಲದೆ ಗಾರೆ ಆಗಲ್ಲ. ಗಾರೆ ಇಲ್ಲದೆ ಕಲ್ಲು ಏಳಲ್ಲ. ಕಲ್ಲು ಏಳದೆ ಮರಿ ಬರಲ್ಲ!"

"ಬೆಲ್ಲದ ತುಂಬ ಇರುವೆ ಕಣಮ್ಮಾ. ಕೈ ಇಟ್ರೆ ಕಚ್ತವೆ. ಇರುವೆ ಓಡಿಸು."

"ಇರುವೆ ಇರುವೆ, ಹೋಗ್ರಮ್ಮಾ! ಇರುವೆ ಹೋಗದೆ ಬೆಲ್ಲ ಸಿಗಲ್ಲ. ಬೆಲ್ಲ ಇಲ್ಲದೆ ಗಾರೆ ಆಗಲ್ಲ. ಗಾರೆ ಇಲ್ಲದೆ ಕಲ್ಲು ಏಳಲ್ಲ. ಕಲ್ಲು ಏಳದೆ ಮರಿ ಬರಲ್ಲ!"

"ಎಲ್ಲಿಗೆ ಹೋಗೋದು? ನಮ್ಮ ಗೂಡಿರೋದೂ ಗಾಜಿನ ಮನೆಯಲ್ಲೇ. ಅಲ್ಲಿ ನೀರು. ನೀರು ಇಳಿದ್ರೆ ಹೋಗ್ತೀವಿ."

ಓಡಿತು ತೋಟದ ಹೊನ್ನಮ್ಮನ ಹತ್ತಿರ. ಗಿಡಕ್ಕೆ ನೀರು ಬಿಡೋಳು ಅವಳೇ.

"ಅವ್ವಾ ಅವ್ವಾ, ನೀರು ಇಳಿಸವ್ವಾ! ನೀರು ಇಳಿಯದೆ ಇರುವೆ ಹೋಗಲ್ಲ. ಇರುವೆ ಹೋಗದೆ ಬೆಲ್ಲ ಸಿಗಲ್ಲ. ಬೆಲ್ಲ ಇಲ್ಲದೆ ಗಾರೆ ಆಗಲ್ಲ. ಗಾರೆ ಇಲ್ಲದೆ ಕಲ್ಲು ಏಳಲ್ಲ. ಕಲ್ಲು ಏಳದೆ ಮರಿ ಬರಲ್ಲ!"

"ನೀರು ಹೋಗೋ ತೂತಿಗೆ ಗೋಣಿಚೀಲ ತುರುಕಿದ್ದೀನಿ. ತೆಗೆದ್ರೆ ಹಾವು ಬರುತ್ತೆ. ನಾನಂತೂ ತೆಗೆಯಲ್ಲಪ್ಪ!"

ನೋಡಿ, ಎಂಥ ಬುದ್ಧಿ! ಹಾವೆಂದರೆ ಚುಕ್ಕಿಗೂ ಹೆದರಿಕೆ. ಆದರೂ ತೂತಿನ ಹತ್ತಿರ ಹೋಯಿತು.

"ಹಾವು ಬಂದ್ರೆ ಬರಲಿ! ನನ್ನ ಮರಿ ಕೆಳಗಿದೆ!"

ಕೊಕ್ಕಲ್ಲಿ ಚೀಲ ಕಚ್ಚಿತು. ಎಳೆಯಿತು, ಎಳೆಯಿತು, ಎಳೆಯಿತು. ದೊಪ್ಪನೆ ಹಿಂದಕ್ಕೆ ಬಿತ್ತು. ಹಾವೂ ಇಲ್ಲ, ಗೀವೂ ಇಲ್ಲ. ಒಂದು ಕಪ್ಪೆ ಬಂತು, ಅಷ್ಟೆ.

ನೀರು ಇಳಿಯಿತು, ಇರುವೆ ಹೋದವು. ಇರುವೆ ಹೋದವು, ಬೆಲ್ಲ ಸಿಕ್ಕಿತು. ಬೆಲ್ಲ ಸಿಕ್ಕಿತು, ಗಾರೆ ಆಯಿತು. ಗಾರೆ ಆಯಿತು, ಕಲ್ಲು ಎದ್ದಿತು. ಕಲ್ಲು ಎದ್ದಿತು, ಮರಿ ಬಂತು!

ಮೈಯೆಲ್ಲ ಕೆಸರು. "ಪಿಂವ್!"

ಬರಮಣ್ಣ ಕಲ್ಲು ಕೂರಿಸಿದ, ಸಂದಿಗೆಲ್ಲ ಗಾರೆ ಮೆತ್ತಿದ. "ಒಣಗೋವರೆಗೂ ಯಾರೂ ತುಳೀಬೇಡಿ" ಅಂದ.

ಚುಕ್ಕಿ ತುಳಿಯಲಿಲ್ಲ. ಬಾಗಿಲಾಚೆ ಕೂತಿತು. ನೆಲವೆಲ್ಲ ಒಣಗುವವರೆಗೂ ಮರಿಯನ್ನು ರೆಕ್ಕೆಯಿಂದಾಚೆ ಬಿಡಲೇ ಇಲ್ಲ.